ಉಪ್ಪು ತಿಂದ ಪಿಕಪ್ಪು

ಅಮೆರಿಕದ ಮಿಷಿಗನ್, ಒಹಾಯೊ ಕಡೆ ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಬೇಕು. ಪಿಕಪ್ಪು ಮಾತ್ರ ಉಪ್ಪು ತಿಂದು ಮಾಲೀಕನಿಗೆ ನೀರು ಕುಡಿಸುತ್ತದೆ.

1999ರಿಂದ 2002ರವರೆಗಿನ ಷೆವರ್ಲೆ ಸಿಲ್ವರಾಡೊ, ಜಿಎಂಸಿ ಸಿಯೆರಾ ಪಿಕಪ್ಪು ಇಟ್ಟುಕೊಂಡವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಒಣ ರಸ್ತೆ, ಗಂಟೆಗೆ ಏಳೆಂಟು ಕಿಲೋಮೀಟರ್ ವೇಗ, ಇನ್ನೇನು ಸಿಗ್ನಲ್ಲಿನಲ್ಲಿ ನಿಲ್ಲಬೇಕು. ಆಗ ಕಾಲಡಿಯ ಬ್ರೇಕ್ ಪೆಡಲ್ಲು ಮಿಕ್ಸಿಗೆ ಕಡಲೆಬೇಳೆ ಹಾಕಿದ ಹಾಗೆ ಗರ್ರೆನ್ನುತ್ತದೆ. ಗಾಡಿ ನಿಲ್ಲದೆ ಮುಂದಿನ ಕಾರಿನ ಬಂಪರಿನತ್ತ ಮೆಲ್ಲಗೆ ತೆವಳುತ್ತದೆ.

ಮುಂದಿನ ಚಕ್ರದ ಹಬ್ಬಿನೊಳಗೆ, ಅಂದರೆ ನಡುಗುಂಬದೊಳಗೆ, ಹಲ್ಲಿನ ಬಳೆಯೊಂದು ತಿರುಗುತ್ತಿರುತ್ತದೆ. ಪಕ್ಕದ ಸೆನ್ಸರು ಅದನ್ನು ನೋಡಿ, ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗದಂತೆ ಕಾಯುವ ಎಬಿಎಸ್ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಸೆನ್ಸರಿನ ಪೀಠಕ್ಕೆ ತುಕ್ಕು ಹಿಡಿದು ಉಬ್ಬಿದರೆ ಅದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಮೇಲೇಳುತ್ತದೆ. ವೇಗ ತಗ್ಗಿದಷ್ಟೂ ಸಂಕೇತ ಸಣ್ಣದಾಗುವುದರಿಂದ ಕೊನೆಗೆ ಅದು ಕೇಳಿಸುವುದೇ ಇಲ್ಲ. ಚಕ್ರ ಜಾಮ್ ಆಗಿ ಗಾಡಿ ಜಾರುತ್ತಿದೆ ಎಂದು ಗಾಬರಿಬಿದ್ದ ಕಂಪ್ಯೂಟರು ಬ್ರೇಕನ್ನು ಸಡಿಲಿಸುತ್ತದೆ. ಹಗ್ಗ ಕಂಡು ಹಾವೆಂದವನ ಕಥೆ. 2005ರಲ್ಲಿ ಇವನ್ನು ತಯಾರಿಸಿದ ಜನರಲ್ ಮೋಟರ್ಸ್ ಕಂಪನಿಯೇ ಉಪ್ಪಿನ ರಾಜ್ಯಗಳ ಗಾಡಿಗಳನ್ನು ವಾಪಸು ಕರೆಸಿ ಇದನ್ನು ಸರಿಮಾಡಿಕೊಟ್ಟಿತು.

ಊರ ಪಂಡಿತರ ಔಷಧಿ ಒಂದೇ: ಬಾನೆಟ್ ಎತ್ತಿ ಎಬಿಎಸ್ ಫ್ಯೂಸು ಕಿತ್ತುಹಾಕು. ಗರ್ರೆನ್ನುವುದು ನಿಂತೇಬಿಡುತ್ತದೆ, ನಿಜ. ಆದರೆ ಇದು ನೆಗಡಿಗೆ ಮೂಗು ಕೊಯ್ದ ವೈದ್ಯ. ಈ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ನೋಡಿಕೊಳ್ಳುವುದೂ ಅದೇ ಕಂಪ್ಯೂಟರು. ಫ್ಯೂಸು ಹೋದರೆ ಎಬಿಎಸ್‌ನ ಹಳದಿ ದೀಪದ ಜೊತೆ ಬ್ರೇಕಿನ ಕೆಂಪು ದೀಪವೂ ಹೊತ್ತಿಕೊಳ್ಳುತ್ತದೆ. ಲೋಡಿಲ್ಲದ ಗಾಡಿಯ ಬ್ರೇಕನ್ನು ಮಳೆಯಲ್ಲಿ ಗಕ್ಕನೆ ತುಳಿದರೆ ಹಿಂದಿನ ಚಕ್ರಗಳು ಮೊದಲೇ ಕಚ್ಚಿಕೊಂಡು, ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡಲು ಹೊರಡುತ್ತದೆ.

ಸರಿಯಾದ ರಿಪೇರಿಗೆ ಬೇಕಾದದ್ದು ವೈರ್ ಬ್ರಷ್, ಎಮರಿ ಪೇಪರ್, ಗ್ರೀಸು, ಒಂದು ಮಧ್ಯಾಹ್ನ. ಚಕ್ರದ ಆರು ನಟ್ಟುಗಳನ್ನು, ಸಾಕೆಟ್ಟು 22 ಮಿಲಿಮೀಟರಿನದು, ಜಾಕ್ ಹಾಕುವ ಮೊದಲೇ ಸಡಿಲಿಸಿ. ಎತ್ತಿದ ಮೇಲೆ ಸ್ಪ್ಯಾನರಿನ ಜೊತೆ ಚಕ್ರವೂ ಗಿರಗಿಟ್ಲೆ ಆಡುತ್ತದೆ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡು ಕೊಡಿ. ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಬಿಚ್ಚಿ, ತಂತಿಯಿಂದ ಕಟ್ಟಿ ತೂಗುಹಾಕಿ. ಹೋಸಿನ ಮೇಲೆ ಜೋತುಬಿಟ್ಟರೆ ಮುಂದಿನ ವಾರ ಹೋಸಿನ ರಿಪೇರಿ. ಡಿಸ್ಕು ಎಳೆದರೆ ಸೆನ್ಸರು ಕಾಣುತ್ತದೆ, ಹಿಡಿದಿರುವುದು ಒಂದೇ ಬೋಲ್ಟು. ಸೆನ್ಸರು ಪ್ಲಾಸ್ಟಿಕ್ಕಿನದು, ವಯಸ್ಸಾಗಿದೆ, ಎಳೆದರೆ ಅರ್ಧ ಕೈಗೆ ಬಂದು ಅರ್ಧ ಒಳಗೇ ಉಳಿಯುತ್ತದೆ. ಮೆಲ್ಲಗೆ ತಿರುಚುತ್ತಾ ಎಬ್ಬಿಸಿ. ತುಕ್ಕಿನ ಪುಡಿ ಬೇರಿಂಗಿಗೆ ಬೀಳದಂತೆ ತೂತಿಗೆ ಬಟ್ಟೆ ತುರುಕಿ, ಲೋಹ ಹೊಳೆಯುವವರೆಗೆ ಪೀಠ ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಬಟ್ಟೆ ತೆಗೆದು ಸೆನ್ಸರು ಕೂರಿಸಿ. ಉಜ್ಜದೆ ಹೊಸ ಸೆನ್ಸರು ಹಾಕಿದರೆ ಅದೂ ಅದೇ ತುಕ್ಕಿನ ಮಣೆಯ ಮೇಲೆ ಕೂತು ಹಳೇ ರಾಗವನ್ನೇ ಹಾಡುತ್ತದೆ.

ಹಬ್ಬನ್ನು ಕೈಯಲ್ಲೇ ಸೆಕೆಂಡಿಗೊಂದು ಸುತ್ತು ತಿರುಗಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಸೆನ್ಸರಿನ ತಂತಿಗೆ ಹಿಡಿದು ನೋಡಿ. 350 ಮಿಲಿವೋಲ್ಟಿಗಿಂತ ಕಮ್ಮಿ ಬಂದರೆ ಇನ್ನೂ ತುಕ್ಕಿದೆ, ಇಲ್ಲವೇ ಸೆನ್ಸರೇ ಸತ್ತಿದೆ. ಇನ್ನೊಂದು ಪಕ್ಕಕ್ಕೂ ಇದೇ ಪೂಜೆ. ನಟ್ಟುಗಳಿಗೆ 190 ನ್ಯೂಟನ್-ಮೀಟರ್ ಬಿಗಿ ಕೊಟ್ಟ ಮೇಲೆ ಉಳಿಯುವ ಕೆಲಸ, ಅಂದು ಕಿತ್ತುಹಾಕಿದ ಫ್ಯೂಸು ಹುಡುಕುವುದು. ಕಪ್ ಹೋಲ್ಡರಿನಲ್ಲಿ, ಚಿಲ್ಲರೆ ಕಾಸಿನ ಅಡಿಯಲ್ಲಿ ನೋಡಿ.