ವೀಸಾ ಇಲ್ಲದೆ ಒಹಾಯೋ ಸೇರಿದ ವಿಜಯನಗರ

ನಮ್ಮ ಬಡಾವಣೆಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಯೊಂದು ಅಮೆರಿಕದಿಂದ 256 ಐಪಿ ವಿಳಾಸಗಳನ್ನು, ಅಂದರೆ ಇಂಟರ್‌ನೆಟ್ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆಗಳನ್ನು, ಕೊಂಡು ತಂದ ಗಳಿಗೆಯಿಂದ ಬೆಂಗಳೂರಿನ ವಿಜಯನಗರದ ನಾವೆಲ್ಲ ಅಮೆರಿಕದ ಒಹಾಯೋ ರಾಜ್ಯದ ನಿವಾಸಿಗಳಾಗಿದ್ದೇವೆ. ಗೇಟಿನ ಮುಂದೆ ತಳ್ಳುಗಾಡಿಯವನು ಸೊಗಡಿನ ಅವರೆಕಾಯಿ ತೂಗುತ್ತಿರುವಾಗ ಕಂಪ್ಯೂಟರ್ ಪರದೆಯು ಭಾರೀ ಹಿಮಪಾತವಾಗಲಿದೆ, ಹೊರಗೆ ಹೋಗಬೇಡಿ ಎಂದು ಎಚ್ಚರಿಸುತ್ತದೆ. ಕ್ರಿಕೆಟ್ ತೋರಿಸುವ ಆ್ಯಪ್ ಮಾತ್ರ ನಿಮ್ಮ ದೇಶಕ್ಕೆ ಪ್ರಸಾರವಿಲ್ಲವೆಂದು ಕೈಚೆಲ್ಲುತ್ತದೆ. ವಿಳಾಸಗಳು ಕಂಪನಿಯ ಹೆಸರಿಗಾಗಿವೆಯಂತೆ. ಯಾವ ವಿಳಾಸ ಯಾವ ಊರಿನದೆಂದು ಪಟ್ಟಿ ಇಟ್ಟುಕೊಂಡವರು ಇನ್ನೂ ತಿದ್ದಿಲ್ಲವಂತೆ.

ಈ ವರ್ಗಾವಣೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂಬುದೇ ಅದರ ಸೊಗಸು. ಉತ್ತರ ಅಮೆರಿಕ ವಲಯದ ವಿಳಾಸಗಳ ಲೆಕ್ಕವಿಡುವ, ವರ್ಜೀನಿಯಾದಲ್ಲಿರುವ ಏರಿನ್ ಎಂಬ ನೋಂದಣಿ ಸಂಸ್ಥೆಯ ಕಡತದ ಒಂದು ಸಾಲು ನಮ್ಮ ಏಷ್ಯಾ-ಪೆಸಿಫಿಕ್ ವಲಯದ ಲೆಕ್ಕವಿಡುವ ಬ್ರಿಸ್ಬೇನ್‌ನ ಏಪ್ನಿಕ್ ಕಡತಕ್ಕೆ ಸೇರುತ್ತದೆ, ಅಷ್ಟೇ. ಅಷ್ಟಕ್ಕಾಗಿ ಮಾರುವವನೇ ನಿಜವಾದ ಹಕ್ಕುದಾರನೇ, ಅವನ ಹಳೆಯ ಕಂಪನಿ ಯಾವುದರಲ್ಲಿ ವಿಲೀನವಾಯಿತು, ಕೊಳ್ಳುವವನಿಗೆ ಮುಂದಿನ ಎರಡು ವರ್ಷಗಳಲ್ಲಿ ಇಷ್ಟು ವಿಳಾಸಗಳ ಅಗತ್ಯ ನಿಜಕ್ಕೂ ಇದೆಯೇ ಎಂದೆಲ್ಲ ಎರಡು ಖಂಡಗಳಲ್ಲಿ ವಿಚಾರಣೆಯಾಗುತ್ತದೆ. ಖಾತಾ ಬದಲಾವಣೆಗಾಗಿ ಪಾಲಿಕೆಯ ಮೆಟ್ಟಿಲು ಸವೆಸಿದ ಬೆಂಗಳೂರಿಗರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಸದ್ಯ, ಏರಿನ್‌ನವರು ಊಟದ ನಂತರ ಬನ್ನಿ ಎನ್ನುವುದಿಲ್ಲ.

ಆಫ್ರಿಕದ ನೋಂದಣಿ ಸಂಸ್ಥೆಯಾದ ಆಫ್ರಿನಿಕ್ ಇವರೆಲ್ಲರನ್ನೂ ಮೀರಿಸಿದೆ. ಮಾರಿಷಸ್‌ನ ಈ ಸಂಸ್ಥೆಯ ವಲಯದಿಂದ ವಿಳಾಸಗಳು ಬೇರೆ ವಲಯಕ್ಕೆ ಹೋಗುವಂತಿಲ್ಲ. ವಿಳಾಸಗಳ ಜಗಳದಲ್ಲಿ 2021ರಲ್ಲಿ ಅದರ ಬ್ಯಾಂಕ್ ಖಾತೆಗಳನ್ನೇ ನ್ಯಾಯಾಲಯ ತಡೆಹಿಡಿಯಿತು, 2023ರಲ್ಲಿ ನ್ಯಾಯಾಲಯ ನೇಮಿಸಿದ ಉಸ್ತುವಾರಿಯಾಗಿ ರಿಸೀವರ್ ಬಂದರು, 2025ರ ಜೂನ್‌ನಲ್ಲಿ ನಡೆದ ಆಡಳಿತ ಮಂಡಳಿಯ ಚುನಾವಣೆ ರದ್ದಾಗಿ ಮತ್ತೊಮ್ಮೆ ಮತದಾನ ನಡೆಸಬೇಕಾಯಿತು. 2020ರಲ್ಲಿ ಅವಧಿ ಮುಗಿದ ಪಾಲಿಕೆಗೆ ಸಕಾಲದಲ್ಲಿ ಒಂದೂ ಚುನಾವಣೆ ಕಾಣದ ನಾವು ನಗುವುದು ತರವಲ್ಲ.

ನಗು ನಿಲ್ಲುವುದು ಹಳೆಯ ಲೆಕ್ಕ ತೆರೆದಾಗ. ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಗೆ ಅದರಲ್ಲಿ 1.6 ಕೋಟಿಗೂ ಹೆಚ್ಚು ಸಿಕ್ಕಿದ್ದವು. ಫೋರ್ಡ್ ಕಾರು ಕಂಪನಿಗೂ ಅಷ್ಟೇ, ಅಮೆರಿಕದ ಅಂಚೆ ಇಲಾಖೆಗೂ ಅಷ್ಟೇ. ಅಂಚೆಯವರ ಬಳಿ ವಿಳಾಸಗಳಿರುವುದು ಸಹಜ ಎಂದುಕೊಳ್ಳೋಣ. 2011ರ ಫೆಬ್ರುವರಿಯಲ್ಲಿ ಹಂಚದೆ ಉಳಿದಿದ್ದ ವಿಳಾಸಗಳ ಜಾಗತಿಕ ಕಣಜ ಬರಿದಾಯಿತು, ಏಪ್ರಿಲ್‌ನಲ್ಲಿ ಜಗತ್ತಿನ ಅರ್ಧಕ್ಕೂ ಹೆಚ್ಚು ಜನರಿರುವ ನಮ್ಮ ವಲಯವು ಕೊನೆಯ ಪಾಲಿಗೆ ಕೈಹಾಕಿತು. 2009ರಲ್ಲಿ ದಿವಾಳಿಯಾಗಿದ್ದ ಕೆನಡಾದ ದೂರಸಂಪರ್ಕ ಕಂಪನಿ ನಾರ್ಟೆಲ್ 2011ರಲ್ಲೇ ತನ್ನ 6,66,624 ವಿಳಾಸಗಳನ್ನು 75 ಲಕ್ಷ ಡಾಲರ್‌ಗೆ ಮೈಕ್ರೋಸಾಫ್ಟ್‌ಗೆ ಮಾರಿತು. ಎಂಐಟಿ 2017ರಲ್ಲಿ ತನ್ನ ಪಾಲಿನ ಅರ್ಧವನ್ನು ಮಾರಾಟಕ್ಕಿಟ್ಟಿತು.

ಅಗತ್ಯವನ್ನು ರುಜುವಾತು ಮಾಡಬೇಕಾದವನು ಕೊಳ್ಳುವವನು ಮಾತ್ರ. ಇಷ್ಟು ವರ್ಷ ಇವನ್ನು ಏಕೆ ಕಟ್ಟಿಟ್ಟುಕೊಂಡಿದ್ದೆ ಎಂಬ ಪ್ರಶ್ನೆಗೆ ಮಾರುವವನ ಅರ್ಜಿಯಲ್ಲಿ ಜಾಗವೇ ಇಲ್ಲ. ಇದಕ್ಕೆಲ್ಲ ಪರಿಹಾರವಾಗಬೇಕಿದ್ದ, ವಿಳಾಸಗಳಿಗೆ ಬರವೇ ಇಲ್ಲದ ಹೊಸ ಪದ್ಧತಿಯಾದ ಐಪಿವಿ6ರ ನಿಯಮಾವಳಿ 1995ರಲ್ಲೇ ಪ್ರಕಟವಾಯಿತು. ನಮ್ಮ ಮೊಬೈಲುಗಳು ಬಹುಪಾಲು ಅದಕ್ಕೆ ಬದಲಾಗಿವೆ, ಆದರೂ ಎಷ್ಟೋ ಜಾಲತಾಣಗಳು ಇಂದಿಗೂ ಹಳೆಯ ಸಂಖ್ಯೆ ಇಲ್ಲದವನಿಗೆ ಬಾಗಿಲು ತೆರೆಯುವುದಿಲ್ಲ. ಅವುಗಳ ಸೋಮಾರಿತನಕ್ಕೆ ದಂಡ ಕಟ್ಟುವವರು ನಾವು: ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಬೇಕಾದವರಿಗೆ ಬರುವ ತಿಂಗಳಿನಿಂದ ಶುಲ್ಕ ಹೆಚ್ಚಾಗಲಿದೆಯೆಂದು ನಮ್ಮ ಕಂಪನಿ ಸಂದೇಶ ಕಳುಹಿಸಿದೆ, ಜಿಎಸ್‌ಟಿ ಪ್ರತ್ಯೇಕವಂತೆ.