ಕುರ್ಚಿಯಡಿಯ ಹಿಡಿಕೆ

ದಿನಕ್ಕೆ ಎಂಟು ಗಂಟೆಯಂತೆ ನಾನು ಕುಳಿತುಕೊಳ್ಳುವ ಕುರ್ಚಿಯ ಅಡಿಯಲ್ಲಿ, ಬಲಗೈಗೆ ಎಟುಕುವ ಹಾಗೆ, ಒಂದು ಕಪ್ಪು ಹಿಡಿಕೆ ಇದೆಯೆಂಬುದು ನನಗೆ ಗೊತ್ತಾದದ್ದು ಅದರಲ್ಲಿ ಮೂರು ವರ್ಷ ಕುಳಿತಾದ ಮೇಲೆ. ಗೊತ್ತಾದದ್ದು ಕುತೂಹಲದಿಂದಲೂ ಅಲ್ಲ, ಬುದ್ಧಿವಂತಿಕೆಯಿಂದಲೂ ಅಲ್ಲ. ಮೇಜಿನ ಕೆಳಗೆ ಉರುಳಿಹೋದ ಪೆನ್ನಿನ ಮುಚ್ಚಳಕ್ಕಾಗಿ ಕುಳಿತಲ್ಲಿಂದಲೇ ಬಾಗಿ ತಡಕಾಡುತ್ತಿದ್ದಾಗ ಕೈ ಅದಕ್ಕೆ ತಾಗಿತು. ಕುರ್ಚಿ ಬಹುಕಾಲದಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು 'ಉಸ್ಸ್' ಎಂದು ಬಿಟ್ಟು, ನನ್ನನ್ನು ಹೊತ್ತುಕೊಂಡೇ ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಕುರ್ಚಿ ಮುರಿದೇಹೋಯಿತೆಂದು ಗಾಬರಿಯಿಂದ ಏಳಲು ಕಾಲೂರಿದಾಗ ತಿಳಿಯಿತು, ನನ್ನ ಎರಡು ಪಾದಗಳೂ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ನೆಲವನ್ನು ಮುಟ್ಟಿದ್ದವು. ಅಂದರೆ ಮೂರು ವರ್ಷ ನಾನು ತುದಿಗಾಲಿನಲ್ಲಿ ಕುಳಿತಿದ್ದೆ. ತುದಿಗಾಲಿನಲ್ಲಿ ನಿಂತವರ ಉತ್ಸಾಹದ ಬಗ್ಗೆ ಕನ್ನಡದಲ್ಲಿ ಮಾತಿದೆ. ತುದಿಗಾಲಿನಲ್ಲಿ ಕುಳಿತವರ ಅವಸ್ಥೆಯ ಬಗ್ಗೆ ಯಾರೂ ಏನೂ ಹೇಳಿದಂತಿಲ್ಲ.

ಆ ಮೂರು ವರ್ಷಗಳಲ್ಲಿ ತೊಡೆಯ ಹಿಂಭಾಗ ಜೋಮು ಹಿಡಿಯುವುದು, ಸಂಜೆಯ ಹೊತ್ತಿಗೆ ಸೊಂಟ ತಾನೂ ಒಂದು ಅಂಗವೆಂದು ನೆನಪಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು. ವೈದ್ಯರಿಗೆ ತೋರಿಸಿದಾಗ ಅವರು ಕೇಳಿದ್ದು ವಯಸ್ಸನ್ನು. ಹೇಳಿದೆ. ಹಾಗಿದ್ದರೆ ಆಶ್ಚರ್ಯವೇನಿಲ್ಲ ಎಂಬಂತೆ ತಲೆಯಾಡಿಸಿ ಮುಲಾಮು ಬರೆದುಕೊಟ್ಟರು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝೀನಿ ಆ ಜಾಗದಲ್ಲಿದ್ದಿದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದರು. ಕಸುಬುಗಳಿಂದ ಬರುವ ಕಾಯಿಲೆಗಳ ಕುರಿತು ಅವರು ಬರೆದ, 1700ರಲ್ಲಿ ಅಚ್ಚಾಗಿ 1713ರಲ್ಲಿ ಇನ್ನಷ್ಟು ಬೆಳೆದ ಪುಸ್ತಕದಲ್ಲಿ, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಸಾಲಿಗೆ 'ನೀನು ಮಾಡುವ ಕೆಲಸವೇನು?' ಎಂಬುದನ್ನೂ ಸೇರಿಸಿಕೊಳ್ಳಿರೆಂದು ವೈದ್ಯರಿಗೆ ಹೇಳಿದ್ದಾರೆ. ಗಣಿಯವರು, ಕುಂಬಾರರು ಮೊದಲಾದವರ ಜೊತೆಗೆ ಬರವಣಿಗೆಯ ಗುಮಾಸ್ತರ ಕಷ್ಟವನ್ನೂ ಅವರು ಗಮನಿಸಿದ್ದರು: ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ಬಗೆಯಲ್ಲಿ ಆಡಿಸುತ್ತಲೇ ಇರುವುದು, ಲೆಕ್ಕ ತಪ್ಪೀತೆಂದು ಮನಸ್ಸನ್ನು ಬಿಗಿಹಿಡಿದಿರುವುದು. ಗರಿಯ ಲೇಖನಿ ಹೋಗಿ ಮೌಸ್ ಬಂದಿರುವುದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ತಿದ್ದಬೇಕಾದದ್ದು ನನಗೇನೂ ಕಾಣುವುದಿಲ್ಲ.

ಹಿಡಿಕೆಯನ್ನು ಅಷ್ಟು ವರ್ಷ ನಾನೇಕೆ ಹುಡುಕಲಿಲ್ಲ ಎಂಬುದೇ ಆಮೇಲೆ ನನ್ನನ್ನು ಹೆಚ್ಚು ಕಾಡಿದ್ದು. ಕುರ್ಚಿಯ ಎತ್ತರವೂ ಕಚೇರಿಯ ವೇಳೆಯ ಹಾಗೆ, ರಜೆಯ ನಿಯಮದ ಹಾಗೆ, ಮೇಲಿನವರು ಯೋಚಿಸಿ ನಿಗದಿ ಮಾಡಿದ್ದೆಂದು ನಾನು ನಂಬಿದ್ದೆ. ವಾಸ್ತವದಲ್ಲಿ ಅದನ್ನು ನಿಗದಿ ಮಾಡಿದ್ದವರು ನನಗಿಂತ ಮೊದಲು ಅಲ್ಲಿ ಕುಳಿತಿದ್ದ, ನನಗಿಂತ ಗೇಣುದ್ದ ಎತ್ತರವಿದ್ದ ಒಬ್ಬ ಸಹೋದ್ಯೋಗಿ. ಅವರು ವರ್ಗವಾಗಿ ಹೋಗುವಾಗ ತಮ್ಮ ಕಾಲಿನ ಉದ್ದವನ್ನು ನನಗೆ ಬಿಟ್ಟುಹೋಗಿದ್ದರು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾವು ಖರ್ಚಿನ ವಿಷಯದಲ್ಲಿ ಬಳಸುತ್ತೇವೆ. ಆದರೆ ಕಚೇರಿಗಳು ಅದನ್ನು ಅಕ್ಷರಶಃ ನಂಬಿಕೊಂಡಿರುವಂತೆ ತೋರುತ್ತದೆ. ಹಾಸಿಗೆಯನ್ನು ಉದ್ದ ಮಾಡಬಹುದಲ್ಲವೇ ಎಂಬ ಮಾತು ಗಾದೆಯಲ್ಲಿಯೂ ಇಲ್ಲ, ಖರೀದಿ ವಿಭಾಗದ ಕಡತದಲ್ಲಿಯೂ ಇಲ್ಲ.

ಕೂರುವುದರ ಬಗ್ಗೆ ನಮ್ಮ ಭಾಷೆಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು; ಕೆಲಸವಿಲ್ಲದವನು ಸುಮ್ಮನೆ ಕೂತಿರುತ್ತಾನೆ; ಕೆಟ್ಟ ಯಂತ್ರ ಮೂಲೆಯಲ್ಲಿ ಕೂತಿರುತ್ತದೆ; ಕುರ್ಚಿಗೆ ಅಂಟಿಕೊಂಡವನೆಂದರೆ ಅದು ಹೊಗಳಿಕೆಯಲ್ಲ. ಕೂರುವುದೇ ದುಡಿಮೆಯಾಗುವ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮೈಗಳ್ಳತನವೆನಿಸುವ ಕಾಲವೊಂದು ಬರುತ್ತದೆಂದು ಈ ಮಾತುಗಳನ್ನು ಕಟ್ಟಿದವರು ಊಹಿಸಿರಲಿಕ್ಕಿಲ್ಲ. ಆದರೆ ಅವರ ಅನುಮಾನಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿದ್ದು 1953ರಲ್ಲಿ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಭ್ಯಸಿಸಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಅದೇ ಬಸ್ಸು, ಅದೇ ರಸ್ತೆ. ಒಬ್ಬನಿಗೆ ಆಸನ, ಇನ್ನೊಬ್ಬನಿಗೆ ಏಣಿ. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಅವರೇ 1956ರಲ್ಲಿ ಪ್ರಕಟಿಸಿದ ಮುಂದಿನ ಲೇಖನ. ಅದಕ್ಕಾಗಿ ಅವರು ನೌಕರರಿಗೆ ಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನೇ ತೆಗೆದು ನೋಡಿದರು. ಚಾಲಕರ ಪ್ಯಾಂಟಿನ ಸೊಂಟ ಚಿಕ್ಕ ವಯಸ್ಸಿನವರಲ್ಲಿಯೂ ನಿರ್ವಾಹಕರದಕ್ಕಿಂತ ದೊಡ್ಡದಿತ್ತು. ಅಂದರೆ ಎಲ್ಲ ದೋಷವನ್ನೂ ಆಸನದ ಮೇಲೆ ಹೊರಿಸುವಂತಿಲ್ಲ, ಮೈಕಟ್ಟು ನೋಡಿಕೊಂಡು ಮನುಷ್ಯ ಕೆಲಸ ಆರಿಸಿಕೊಂಡಿರಲೂಬಹುದು. ತನ್ನ ತೀರ್ಮಾನವನ್ನು ತಾನೇ ಹೀಗೆ ದರ್ಜಿಯ ಟೇಪು ಹಿಡಿದು ಪರೀಕ್ಷಿಸುವ ವಿದ್ವಾಂಸರು ನನಗೆ ಅಚ್ಚುಮೆಚ್ಚು.

ಕಚೇರಿಯ ಪೀಠೋಪಕರಣಗಳ ಹಿಂದೆ ಒಬ್ಬ ಅದೃಶ್ಯ ಮನುಷ್ಯನಿದ್ದಾನೆ. ಅವನ ಹೆಸರು ಸರಾಸರಿ. ಮೇಜು ಅವನ ಮೊಣಕೈಯ ಮಟ್ಟಕ್ಕಿರುತ್ತದೆ, ಪರದೆ ಅವನ ಕಣ್ಣಿನ ಮಟ್ಟಕ್ಕಿರುತ್ತದೆ, ಕಪಾಟಿನ ಮೇಲಿನ ಅರೆ ಅವನ ಕೈಗೆ ಎಟುಕುತ್ತದೆ. ಅಮೆರಿಕದ ವಾಯುಪಡೆಯೂ ಒಂದು ಕಾಲಕ್ಕೆ ವಿಮಾನದ ಚಾಲಕಕೋಣೆಯನ್ನು ಇವನಿಗಾಗಿಯೇ ಕಟ್ಟುತ್ತಿತ್ತು. 1950ರ ಸುಮಾರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ವಿಮಾನ ಚಾಲಕರ ಮೈಯಳತೆ ತೆಗೆದಾಗ ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿಗೆ ಒಂದು ಸರಳ ಪ್ರಶ್ನೆ ಹೊಳೆಯಿತು: ಇವರಲ್ಲಿ ಸರಾಸರಿ ಮನುಷ್ಯರು ನಿಜಕ್ಕೂ ಎಷ್ಟು ಮಂದಿ? ಎತ್ತರ, ಎದೆ, ತೋಳು ಮುಂತಾದ ಹತ್ತು ಅಳತೆಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲಿಯೂ ನಡುವಿನ ಶೇ 30ರೊಳಗೆ ಬಂದವರನ್ನು ಉದಾರವಾಗಿ ಸರಾಸರಿಯೆಂದೇ ಒಪ್ಪಿಕೊಂಡು, ಹತ್ತರಲ್ಲಿಯೂ ಸರಾಸರಿಯಾದವರನ್ನು ಎಣಿಸಿದರು. 4,063 ಜನರಲ್ಲಿ ಅಂಥವನು ಒಬ್ಬನೂ ಇರಲಿಲ್ಲ. ಎಲ್ಲರಿಗಾಗಿ ಮಾಡಿದ ಆಸನ ಯಾರಿಗೂ ಆಗಿಬರುತ್ತಿರಲಿಲ್ಲ. ವಾಯುಪಡೆ ಹುಡುಕಿಕೊಂಡ ಉಪಾಯವೆಂದರೆ ಹಿಂದಕ್ಕೂ ಮುಂದಕ್ಕೂ, ಮೇಲಕ್ಕೂ ಕೆಳಕ್ಕೂ ಸರಿಸಬಹುದಾದ ಆಸನ. ನನ್ನ ಕುರ್ಚಿಯಡಿಯ ಕಪ್ಪು ಹಿಡಿಕೆ ಆ ಉಪಾಯದ ದೂರದ ನೆಂಟನೆಂದು ತಿಳಿದ ಮೇಲೆ ಅದನ್ನು ಮುಟ್ಟುವಾಗ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ.

ಕುರ್ಚಿಗಾದರೂ ಹಿಡಿಕೆ ಬಂತು. ಗಾಳಿಗೆ ಇನ್ನೂ ಬಂದಿಲ್ಲ. ನಮ್ಮ ವಿಭಾಗದಲ್ಲಿ ಎ.ಸಿ.ಯ ಗಾಳಿಕಿಂಡಿಯ ನೇರ ಕೆಳಗೆ ಕೂರುವವರು ಶಾಲು ಹೊದ್ದು ಟೈಪು ಮಾಡುತ್ತಾರೆ. ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಕಂಬದ ಮರೆಗೆ ಕೂರುವವರು ಕಡತದಿಂದ ಬೀಸಿಕೊಳ್ಳುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಋತು. ಕಚೇರಿಗಳ ತಾಪಮಾನವನ್ನು ಲೆಕ್ಕಹಾಕುವ ಸೂತ್ರ ರೂಪುಗೊಂಡದ್ದು ಕಳೆದ ಶತಮಾನದ ಅರವತ್ತರ ದಶಕದಲ್ಲಿ. ಅದರೊಳಗೆ ದೇಹ ಹುಟ್ಟಿಸುವ ಶಾಖಕ್ಕೆ ಹಿಡಿದ ಅಂಕಿ 40 ವರ್ಷದ, 70 ಕಿಲೋ ತೂಕದ ಗಂಡಸಿನದೆಂದೂ, ಹೆಂಗಸರಿಗೆ ಅದು ಹೊಂದುವುದಿಲ್ಲವೆಂದೂ ಇಬ್ಬರು ಡಚ್ ಸಂಶೋಧಕರು 2015ರಲ್ಲಿ ತೋರಿಸಿದರು. ಮತ್ತೆ ಅದೇ ಸರಾಸರಿ ಮಹಾಶಯ. ಜಗಳ ತಣಿಸಲು ಕೆಲವು ಕಟ್ಟಡಗಳಲ್ಲಿ ಒಂದು ಚಮತ್ಕಾರ ಮಾಡುತ್ತಾರೆ: ಯಾವ ಯಂತ್ರಕ್ಕೂ ತಂತಿ ಜೋಡಿಸದ ಉಷ್ಣ ನಿಯಂತ್ರಕವನ್ನು ಗೋಡೆಗೆ ಹಾಕಿಬಿಡುತ್ತಾರೆ. ಜನ ಅದರ ಗುಂಡಿಯನ್ನು ತಿರುಗಿಸುತ್ತಾರೆ, ಒಂದು ಕ್ಷಣ ಕಾಯುತ್ತಾರೆ, 'ಹಾ, ಈಗ ಸರಿಹೋಯಿತು' ಎನ್ನುತ್ತಾರೆ. ಇದನ್ನು ಓದಿ ಮೊದಲು ನಕ್ಕೆ, ಆಮೇಲೆ ಪಿಚ್ಚೆನಿಸಿತು. ತಿರುಗಿಸಲು ಏನಾದರೊಂದು ಕೈಯಲ್ಲಿರಲೆಂದು ಮನುಷ್ಯನಿಗೆ ಎಷ್ಟು ಹಂಬಲವಿದೆಯೆಂದರೆ, ಸುಳ್ಳು ಗುಂಡಿಯೂ ಅವನಿಗೆ ನಿಜವಾದ ತಂಪನ್ನು ಕೊಡುತ್ತದೆ!

ಗೋಡೆಗಳ ಕಥೆ ಇನ್ನೂ ವಿಚಿತ್ರವಾದದ್ದು. ಸಾಲುಸಾಲು ಮೇಜುಗಳ ನಡುವೆ ದುಡಿಯುವವರಿಗೆ ಸ್ವಲ್ಪ ಮರೆ, ಸ್ವಲ್ಪ ಓಡಾಟ, ಕುಳಿತೂ ನಿಂತೂ ಮಾಡಬಹುದಾದ ಕೆಲಸ ಸಿಗಬೇಕೆಂದು ಹಂಬಲಿಸಿದವರು ರಾಬರ್ಟ್ ಪ್ರಾಪ್ಸ್ಟ್. ಹರ್ಮನ್ ಮಿಲ್ಲರ್ ಕಂಪನಿಗಾಗಿ 1968ರಲ್ಲಿ ಅವರು ರೂಪಿಸಿದ ಬಿಡಿ ತಡಿಕೆಗಳನ್ನು ಅಗಲವಾದ ಕೋನದಲ್ಲಿ ಜೋಡಿಸಬೇಕಿತ್ತು, ಬೇಕೆಂದಾಗ ಕಳಚಿ ಬೇರೆ ರೀತಿ ನಿಲ್ಲಿಸಿಕೊಳ್ಳಬೇಕಿತ್ತು. ಕೊಂಡ ಕಚೇರಿಗಳು ಕೋನವನ್ನು ಲಂಬಕ್ಕೆ ತಂದು, ತಡಿಕೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಒಂದು ಕೋಣೆಯಲ್ಲಿ ಎಷ್ಟು ಗೂಡು ಹಿಡಿಯುತ್ತವೆಂದು ಲೆಕ್ಕ ಹಾಕಿದವು. ಬಿಡುಗಡೆಗೆಂದು ತಂದ ಹಲಗೆಗಳೇ ಬೋನಾದವು. ತಮ್ಮ ಕೂಸಿಗೆ ಒದಗಿದ ಈ ಗತಿಯನ್ನು ಪ್ರಾಪ್ಸ್ಟ್ ಕೊನೆಗಾಲದಲ್ಲಿ ಹಳಿದುಕೊಂಡರು. ಆಮೇಲೆ ಗೂಡುಗಳೆಲ್ಲ ಕೆಟ್ಟವೆಂದಾಗಿ, ಗೋಡೆಯೇ ಬೇಡ, ಎಲ್ಲರೂ ಎಲ್ಲರಿಗೂ ಕಾಣುವಂತಿದ್ದರೆ ಮಾತುಕತೆ ತಾನಾಗಿ ಬೆಳೆಯುತ್ತದೆ ಎಂಬ ಬಯಲು ಕಚೇರಿಯ ಕಾಲ ಬಂತು. ಹಾಗೆ ಬಯಲಿಗೆ ಬಂದ ಎರಡು ಕಂಪನಿಗಳ ನೌಕರರನ್ನು ಗಮನಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖಾಮುಖಿ ಮಾತುಕತೆ ಸುಮಾರು ಶೇ 70ರಷ್ಟು ಇಳಿದಿತ್ತು, ಇ-ಮೇಲ್ ಹೆಚ್ಚಿತ್ತು. ನನಗಿದು ಸ್ವಲ್ಪವೂ ಆಶ್ಚರ್ಯವೆನಿಸಲಿಲ್ಲ. ಇಡೀ ಹಜಾರದ ಕಿವಿ ತನ್ನ ಕಡೆಗಿದೆಯೆಂದು ಗೊತ್ತಿರುವವನು ಪಕ್ಕದ ಮೇಜಿನವನಿಗೆ 'ನಿನ್ನೆಯ ಲೆಕ್ಕದಲ್ಲಿ ತಪ್ಪಾಗಿದೆ ನೋಡಿ' ಎಂದು ಹೇಗೆ ತಾನೇ ಹೇಳಿಯಾನು? ಎರಡಡಿ ದೂರದಲ್ಲಿ ಕುಳಿತವರಿಗೆ ಸಂದೇಶ ಕಳಿಸುತ್ತಾನೆ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ತನ್ನ ಗೋಡೆಯನ್ನು ತಾನೇ ಕಟ್ಟಿಕೊಳ್ಳುತ್ತಾನೆ.

ಇಷ್ಟಾದರೂ ಕಚೇರಿಗೆ ನಮ್ಮ ಆರೋಗ್ಯದ ಕಾಳಜಿ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಲಿಫ್ಟಿನ ಬಾಗಿಲಲ್ಲಿ 'ಮೆಟ್ಟಿಲು ಬಳಸಿ, ಹೃದಯ ಉಳಿಸಿ' ಎಂಬ ಭಿತ್ತಿಪತ್ರವಿದೆ. ಮೆಟ್ಟಿಲಿನ ಬಾಗಿಲಿಗೆ ಬೀಗವಿದೆ, ಭದ್ರತೆಗಾಗಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಇಪ್ಪತ್ತು ಅಡಿ ದೂರದಲ್ಲಿ ನೋಡಲು ಸಿಗುವುದು ಮೇಲಧಿಕಾರಿಯ ಗಾಜಿನ ಕೋಣೆ, ಅಲ್ಲಿಂದ ಅವರೂ ನೋಡುತ್ತಾರೆ. ಕಿಟಕಿಗಳೆಲ್ಲ ಕೋಣೆ ಸಿಕ್ಕವರ ಪಾಲಾಗಿ, ಅವರು ಪರದೆಗೆ ಬಿಸಿಲು ಹೊಡೆಯುತ್ತದೆಂದು ಅವುಗಳ ಪಟ್ಟಿಪರದೆಯನ್ನು ಇಳಿಬಿಟ್ಟಿರುತ್ತಾರೆ. ಮೋಡ ಕವಿದ ದಿನದಲ್ಲಿಯೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಕಚೇರಿಯ ಮೇಜಿಗೆ ಸಾಮಾನ್ಯವಾಗಿ ಗೊತ್ತುಪಡಿಸುವುದು 500 ಲಕ್ಸ್. ಮೂಲೆಯಲ್ಲಿ ಹಸಿರಿಗೆಂದು ಒಂದು ಗಿಡವಿದೆ, ಪ್ಲಾಸ್ಟಿಕ್ಕಿನದು. ಅದಕ್ಕೆ ಬೆಳಕು ಬೇಡ.

ಗಿಡದ ವಿಷಯಕ್ಕೆ ಬಂದದ್ದರಿಂದ, ಈ ಬಗೆಯ ಸಂಶೋಧನೆಗಳಲ್ಲೆಲ್ಲ ನನ್ನ ಮನಸ್ಸಿಗೆ ಹತ್ತಿರವಾದ ಒಂದನ್ನು ಹೇಳಲೇಬೇಕು. ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಬೋಳು ಕೋಣೆ ಕೊಟ್ಟರು. ಕೆಲವರಿಗೆ ಮೊದಲೇ ಗಿಡ, ಚಿತ್ರಗಳಿಂದ ಸಿಂಗರಿಸಿದ ಕೋಣೆ ಕೊಟ್ಟರು. ಇನ್ನು ಕೆಲವರಿಗೆ ಅದೇ ಗಿಡ, ಅದೇ ಚಿತ್ರಗಳನ್ನು ಕೊಟ್ಟು ನಿಮಗೆ ಬೇಕಾದಲ್ಲಿ ಇಟ್ಟುಕೊಳ್ಳಿ ಎಂದರು. ಸಿಂಗರಿಸಿದ ಕೋಣೆಯವರ ಕೆಲಸ ಬೋಳು ಕೋಣೆಯವರದಕ್ಕಿಂತ ಚೆನ್ನಾಗಿತ್ತು, ತಾವೇ ಜೋಡಿಸಿಕೊಂಡವರದು ಅದಕ್ಕಿಂತಲೂ ಚೆನ್ನಾಗಿತ್ತು. ನಾಲ್ಕನೆಯ ಗುಂಪಿನ ಪಾಡು ಮಾತ್ರ ಓದಿದವರ ಹೊಟ್ಟೆ ಉರಿಸುವಂಥದ್ದು. ಅವರಿಗೂ ಜೋಡಿಸಿಕೊಳ್ಳಲು ಬಿಟ್ಟು, ಜೋಡಿಸಿ ಮುಗಿಸಿದ ಮೇಲೆ, ಪ್ರಯೋಗಕಾರ ಒಳಗೆ ಬಂದು ಅವರ ಕಣ್ಣೆದುರೇ ಎಲ್ಲವನ್ನೂ ತನಗೆ ಬೇಕಾದಂತೆ ಬದಲಿಸಿ ಇಡುತ್ತಿದ್ದ. ಮೇಜಿನ ಮೇಲೆ ಅದೇ ಗಿಡ, ಗೋಡೆಯ ಮೇಲೆ ಅದೇ ಚಿತ್ರ. ಆದರೆ ಗಳಿಸಿದ ಚುರುಕೆಲ್ಲ ಸೋರಿಹೋಗಿತ್ತು. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ 'ಮೇಜು ಶುಚಿತ್ವ ಸಪ್ತಾಹ'ದಲ್ಲಿ ನನ್ನ ಮಗಳು ಬರೆದುಕೊಟ್ಟಿದ್ದ ಚಿತ್ರವನ್ನು ಯಾರೋ ಕಿತ್ತು ಅಂಚುಗಳನ್ನು ಸಮನಾಗಿ ಮಡಿಚಿ ಡ್ರಾಯರಿನಲ್ಲಿ ಇಟ್ಟಿದ್ದರು. ಅಚ್ಚುಕಟ್ಟಾಗಿಯೇ ಇಟ್ಟಿದ್ದರು. ಆ ವಾರ ನಾನು ಎಷ್ಟು ಕೆಲಸ ಮಾಡಿದೆನೆಂದು ಯಾರೂ ಅಳೆಯಲಿಲ್ಲ.

ಹೋದ ತಿಂಗಳು ನನ್ನ ಜಾಗ ಬದಲಾಯಿತು. ನನ್ನ ಹಳೆಯ ಕುರ್ಚಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಎರಡನೆಯ ದಿನವೇ ಗಮನಿಸಿದೆ, ಅವಳ ಕಾಲುಗಳು ನೆಲದಿಂದ ಮೇಲೆ ತೂಗಾಡುತ್ತಿದ್ದವು. ಚಪ್ಪಲಿ ಕಳಚಿ, ಕಂಪ್ಯೂಟರಿನ ಡಬ್ಬಿಯ ಅಂಚಿಗೆ ಬೆರಳುಗಳನ್ನು ಸಿಕ್ಕಿಸಿಕೊಂಡಿದ್ದಳು. ನಾನು ಹಿರಿತನದ ಗತ್ತಿನಿಂದ ಹೋಗಿ ಹಿಡಿಕೆ ತೋರಿಸಿದೆ. ಅವಳು ಎಳೆದಳು, ಕುರ್ಚಿ ನನಗೆ ಪರಿಚಿತವಾದ ಆ ನಿಟ್ಟುಸಿರನ್ನು ಬಿಟ್ಟಿತು, ಪಾದಗಳು ನೆಲ ಮುಟ್ಟಿದವು.

"ಇದು ಮೊದಲಿನಿಂದಲೂ ಇತ್ತಾ ಸರ್?"

"ಇತ್ತಮ್ಮ," ಎಂದೆ. ಮೂರು ವರ್ಷದ ಮಾತನ್ನು ಎತ್ತಲಿಲ್ಲ.

ಅವಳು ಖುಷಿಯಿಂದ ಕೀಲಿಮಣೆಯ ಕಡೆ ತಿರುಗಿ ಕೈ ಚಾಚಿದಳು. ಈಗ ಮೇಜು ಅವಳ ಎದೆಯ ಮಟ್ಟಕ್ಕೆ ಬಂದಿತ್ತು. ಮೊಣಕೈಗಳು ರೆಕ್ಕೆಯ ಹಾಗೆ ಎರಡೂ ಕಡೆ ಎದ್ದುನಿಂತವು. ಸ್ವಲ್ಪ ಹೊತ್ತು ಹಾಗೆಯೇ ಟೈಪು ಮಾಡಿ ನೋಡಿದಳು. ಆಮೇಲೆ ಏನೋ ಹೊಳೆದವಳಂತೆ ಬಾಗಿ, ಮೇಜಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸತೊಡಗಿದಳು.