ರೆಡಿಮೇಡ್ ಉಗುರು

ಪಾರ್ಲರಿನಲ್ಲಿ ಉಗುರು ಮಾಡಿಸಿಕೊಳ್ಳುವುದೆಂದರೆ ಎರಡೂ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೂರುವುದು. ಮೂಗು ತುರಿಸಿದರೂ ತಡೆದುಕೊಳ್ಳಬೇಕು. ಅಷ್ಟು ತಾಳ್ಮೆಯೂ ಇಲ್ಲದ, ದುಡ್ಡೂ ಇಲ್ಲದ ನನ್ನಂಥವರಿಗೆ ಡಬ್ಬಿಯಲ್ಲಿ ಬರುವ ಪ್ರೆಸ್-ಆನ್ ಉಗುರೇ ಗತಿ, ಅಂದರೆ ಸ್ವಂತ ಉಗುರಿನ ಮೇಲೆ ಅಂಟಿಸಿಕೊಳ್ಳುವ ಪ್ಲಾಸ್ಟಿಕ್ ಉಗುರು. ಬಣ್ಣ ಮೊದಲೇ ಬಳಿದಿರುತ್ತದೆ. ಒಣಗಲಿ ಅಂತ ಕೈ ಬೀಸುತ್ತಾ ಓಡಾಡಬೇಕಿಲ್ಲ. ಸುಮ್ನೆ ಒತ್ತಿದರೆ ಆಯಿತು ಅನ್ನುತ್ತಾರೆ.

ಆಗುವುದಿಲ್ಲ. ಒತ್ತುವುದಕ್ಕೆ ಮೊದಲೇ ಅರ್ಧ ಕೆಲಸ ಇರುತ್ತದೆ.

ಸಾಮಾನ್ಯವಾಗಿ ಒಂದು ಡಬ್ಬಿಯಲ್ಲಿ 24 ಉಗುರು. ಒಂದೊಂದರ ಮೇಲೂ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ನಂಬರು. ಪ್ರತಿ ಬೆರಳಿಗೂ ಹಿಡಿದು ನೋಡಬೇಕು. ನನ್ನ ಎರಡು ಹೆಬ್ಬೆರಳು ಒಂದೇ ಅಳತೆಯವಲ್ಲ ಅಂತ ಗೊತ್ತಾಗಿದ್ದೇ ಆಗ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ದೊಡ್ಡದನ್ನೇ ತೆಗೆದುಕೊಂಡು ಪಕ್ಕ ಉಜ್ಜುವುದು ಒಳ್ಳೆಯದು. ಚಿಕ್ಕದು ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಆಮೇಲೆ ಸ್ವಂತ ಉಗುರನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಎಣ್ಣೆ ಪಸೆ ಚೂರು ಉಳಿದರೂ ಸಂಜೆಗೇ ಕಳಚಿ ಬೀಳುತ್ತದೆ.

ಅಂಟಿನಲ್ಲೂ ಎರಡು ಜಾತಿ. ಎರಡೂ ಕಡೆ ಅಂಟಿಕೊಳ್ಳುವ ಸ್ಟಿಕ್ಕರು ಒಂದೆರಡು ದಿನದ ಸಂಭ್ರಮಕ್ಕೆ ಸಾಕು. ವಾರ ನಿಲ್ಲಬೇಕಾದರೆ ಗಮ್ಮು ಬೇಕು. ಮುರಿದ ಆಟಿಕೆ ಜೋಡಿಸುವ ದಿಢೀರ್ ಅಂಟಿನ ವಂಶದ್ದೇ ಇದು, ಸಯನೋಆಕ್ರಿಲೇಟ್. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು, ಹುಷಾರು. ಬುಡದ ಕಡೆ ಮೊದಲು ಕೂರಿಸಿ, ತುದಿಯ ಕಡೆ ನಿಧಾನವಾಗಿ ಇಳಿಸಿ, ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಎಡಗೈ ಸಲೀಸು. ಬಲಗೈ ಸರದಿ ಬಂದಾಗಲೇ ಪರೀಕ್ಷೆ. ಹೊಸ ಉಗುರು ತೊಟ್ಟ ಎಡಗೈ ಆಗಲೇ ಮದುಮಗಳ ಹಾಗೆ ಏನನ್ನೂ ಮುಟ್ಟಲು ಒಲ್ಲೆ ಅನ್ನುತ್ತಿರುತ್ತದೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುವ ಗಾದೆ ಇದೆಯಲ್ಲ, ಉದ್ದನೆಯ ಉಗುರು ಅಂಟಿಸಿಕೊಂಡವರಿಗೆ ಅದು ಅನ್ವಯಿಸುವುದಿಲ್ಲ. ಡಬ್ಬಿಯ ಮುಚ್ಚಳ ಎತ್ತುವುದಕ್ಕೂ ಚಮಚ ಹುಡುಕಬೇಕು. ನೆಲಕ್ಕೆ ಬಿದ್ದ ನಾಣ್ಯವನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಬೇಕು. ಪ್ಲಾಸ್ಟಿಕ್ಕಿನ ತುದಿಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಫೋನೂ ಕೇಳುವುದಿಲ್ಲ. ಬೆರಳನ್ನು ಮಲಗಿಸಿ ಟೈಪ್ ಮಾಡಬೇಕು. ಹಾಗಾಗಿ ದಿನಬಳಕೆಗೆ ಗಿಡ್ಡ ಉಗುರೇ ಸರಿ. ಉದ್ದದ್ದು ಫೋಟೋಗಿರಲಿ.

ಉಗುರಿಗೂ ಉಸಿರಾಡಲು ಬಿಡಬೇಕು ಅಂತ ಹೇಳುವವರು ಜಾಸ್ತಿ. ಉಗುರು ಉಸಿರಾಡುವುದಿಲ್ಲ, ಅದಕ್ಕೆ ಬೇಕಾದ್ದೆಲ್ಲ ಕೆಳಗಿನ ರಕ್ತದಿಂದಲೇ ಬರುತ್ತದೆ. ಭಯಪಡಬೇಕಾದ್ದು ನೀರಿಗೆ. ಒಂದು ಮೂಲೆ ಎದ್ದರೆ ಒಳಗೆ ತೇವ ನಿಂತು ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ಎದ್ದದ್ದನ್ನು ಮತ್ತೆ ಒತ್ತಿ ಸುಮ್ಮನಾಗದೆ ಪೂರ್ತಿ ತೆಗೆಯಬೇಕು. ರೋಗಿಗಳನ್ನು ನೇರವಾಗಿ ಮುಟ್ಟಿ ಆರೈಕೆ ಮಾಡುವವರಿಗೆ ಕೃತಕ ಉಗುರು ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ತೆಗೆಯುವಾಗ ಮಾತ್ರ ಕಿತ್ತರೆ ಕೆಟ್ಟಿರಿ. ಸ್ವಂತ ಉಗುರಿನ ಪದರವೂ ಜೊತೆಗೆ ಬರುತ್ತದೆ. ಕೈ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್, ಆ ಗಾಯ ತುದಿ ತಲುಪಿ ಕತ್ತರಿಗೆ ಸಿಗಲು ತಿಂಗಳುಗಟ್ಟಲೆ ಬೇಕು. ಉಗುರುಬೆಚ್ಚಗಿನ ಸೋಪು ನೀರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಬೆರಳು ಅದ್ದಿ ಕೂತರೆ ತಾನೇ ಸಡಿಲವಾಗುತ್ತದೆ. ಮೂಗು ತುರಿಸಿದರೆ ಒದ್ದೆ ಕೈಯಲ್ಲೇ ಕೆರೆದುಕೊಳ್ಳಬಹುದು, ಕೇಳುವವರಿಲ್ಲ.

ತೆಗೆದದ್ದನ್ನು ಎಸೆಯಬೇಕಿಲ್ಲ. ಒಳಗಿನ ಹಳೆ ಅಂಟು ಉಜ್ಜಿ ತೆಗೆದರೆ ಇನ್ನೊಂದು ಸಲಕ್ಕೆ ಆಗುತ್ತದೆ. ಒಂದು ಕಳೆದುಹೋದರೂ ಡಬ್ಬಿಯಲ್ಲಿ ಮಿಕ್ಕ 14 ಇವೆಯಲ್ಲ ಅಂತ ಧೈರ್ಯ. ಆದರೆ ಕಳೆಯುವುದು ಯಾವಾಗಲೂ ಹೆಬ್ಬೆರಳಿನದು. ಮಿಕ್ಕಿರುವುದೆಲ್ಲ ಕಿರುಬೆರಳಿನದೇ.